ಆಲೂಗಡ್ಡೆಯ ಅಂಗಮಾರಿಗೆ ಓಮದೆಣ್ಣೆ ಮದ್ದಾದೀತೆ?

ಹೊಟ್ಟೆನೋವಿಗೆ ಓಮ, ಹಲ್ಲುನೋವಿಗೆ ಲವಂಗದೆಣ್ಣೆ. ಇದು ಅಜ್ಜಿಯರ ಕಾಲದಿಂದ ಬಂದ ಮನೆಮದ್ದು. ಮನುಷ್ಯನ ನೋವಿಗೆ ಒದಗುವ ಈ ಘಾಟು, ಹೊಲದಲ್ಲಿ ಕೊಳೆಯುತ್ತಿರುವ ಆಲೂಗಡ್ಡೆಗೂ ಒದಗೀತೆ?

ಬೆಂಗಳೂರಿನ ಉತ್ತರದಲ್ಲಿ, ವಿದ್ಯಾರಣ್ಯಪುರದ ಆಚೆಗಿರುವ ಸಿಂಗಾಪುರದಲ್ಲಿ ಇಂದು ಹೊಲಗಳಿಗಿಂತ ಬಡಾವಣೆಗಳೇ ಹೆಚ್ಚು. ಹಳ್ಳಿಯಾಗಿದ್ದ ದಿನಗಳ ಗುರುತಾಗಿ ಕೆರೆಯೊಂದು ಉಳಿದಿದೆ. ಆದರೂ ಮೇಲಿನ ಪ್ರಶ್ನೆಗೆ ಉತ್ತರ ಹುಡುಕಲು ಈ ಊರಿನಿಂದ ಬಹುದೂರ ಹೋಗಬೇಕಾಗಿಲ್ಲ. ಒಂದು ದಿಕ್ಕಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ, ಅದರ ನೆರೆಯ ಅಲ್ಲಾಳಸಂದ್ರದಲ್ಲಿ ಸುಗಂಧ ಸಸ್ಯಗಳ ಸಂಶೋಧನೆ ನಡೆಸುವ ಸಿಮ್ಯಾಪ್ ಕೇಂದ್ರ. ಇನ್ನೊಂದು ದಿಕ್ಕಿನಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ. ರೋಗವನ್ನು ಬಲ್ಲವರೂ ಎಣ್ಣೆಯನ್ನು ಬಲ್ಲವರೂ ಇಲ್ಲಿ ನೆರೆಹೊರೆಯವರು.

ಸಸ್ಯನಾಶಕ

ಆಲೂಗಡ್ಡೆಯ ದೊಡ್ಡ ಶತ್ರು ಅಂಗಮಾರಿ ರೋಗ. ಇದಕ್ಕೆ ಕಾರಣವಾದ ಜೀವಿಯ ಹೆಸರು ಫೈಟಾಫ್ತೊರಾ ಇನ್‌ಫೆಸ್ಟಾನ್ಸ್. ಗ್ರೀಕ್ ಮೂಲದ ‘ಫೈಟಾಫ್ತೊರಾ’ ಪದಕ್ಕೆ ‘ಸಸ್ಯನಾಶಕ’ ಎಂದೇ ಅರ್ಥ. 1845ರಿಂದ ಐರ್ಲೆಂಡಿನ ಬೆಳೆಯನ್ನು ಕೊಳೆಯಿಸಿ, ಸುಮಾರು ಹತ್ತು ಲಕ್ಷ ಜನರ ಸಾವಿಗೆ ಕಾರಣವಾದ ಬರಗಾಲದ ಮೂಲ ಇದೇ. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಈ ಕುಲ ಹೊಸದಲ್ಲ. ಅವರ ನಿದ್ದೆಗೆಡಿಸುವ ಕೊಳೆರೋಗವೂ ಇದೇ ಕುಲದ ಇನ್ನೊಂದು ಜೀವಿಯಿಂದ ಬರುತ್ತದೆ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್, ಕೊಳೆರೋಗವನ್ನು ಅಧ್ಯಯನ ಮಾಡಿ ಬೋರ್ಡೋ ದ್ರಾವಣದ ಸಿಂಪರಣೆಯನ್ನು ಬಳಕೆಗೆ ತಂದರು. ಮೈಲುತುತ್ತ ಮತ್ತು ಸುಣ್ಣದ ಈ ಮಿಶ್ರಣ ಇಂದಿಗೂ ತೋಟಗಳಲ್ಲಿದೆ.

ಉತ್ತರ ಭಾರತದಲ್ಲಿ ಆಲೂಗಡ್ಡೆ ಮುಖ್ಯವಾಗಿ ಚಳಿಗಾಲದ ಬೆಳೆ. ಹಾಸನದ ರೈತರಾದರೋ ಮುಂಗಾರಿನಲ್ಲಿಯೇ ಬಿತ್ತುತ್ತಾರೆ. ತಂಪು ಹವೆ, ಮೋಡ, ಒದ್ದೆ ಎಲೆ ಇವು ಮೂರೂ ಕೂಡಿದರೆ ಅಂಗಮಾರಿಗೆ ಹಬ್ಬ. ಕೆಲವೇ ದಿನಗಳಲ್ಲಿ ಹಸಿರು ಹೊಲ ಸುಟ್ಟಂತೆ ಕಪ್ಪಾಗುತ್ತದೆ. ಪಂಜಾಬಿನ ಜಲಂಧರದಿಂದ ಬಂದ ಬಿತ್ತನೆಗಡ್ಡೆಗೆ ಸಾಲ ಮಾಡಿ ಹಣ ತೆತ್ತ ರೈತನಿಗೆ ಉಳಿಯುವುದು ಸಾಲ ಮಾತ್ರ.

ಔಷಧವೂ ಸದಾ ಕೈಹಿಡಿಯುವುದಿಲ್ಲ. 2008ರ ನಂತರ ದಕ್ಷಿಣ ಭಾರತದಲ್ಲಿ ಆಲೂಗಡ್ಡೆ, ಟೊಮೆಟೊ ಬೆಳೆಗಳಿಗೆ ಅಂಗಮಾರಿ ತೀವ್ರವಾಗಿ ಬಡಿಯಿತು. ಯೂರೋಪಿನಲ್ಲಿ ಮೊದಲೇ ಕಾಣಿಸಿಕೊಂಡಿದ್ದ ‘13-ಎ2’ ಎಂಬ ಉಗ್ರ ತಳಿಯೇ ಇದಕ್ಕೆ ಕಾರಣವೆಂದು ಹೆಸರಘಟ್ಟದ ವಿಜ್ಞಾನಿಗಳೂ ಅವರ ವಿದೇಶಿ ಸಹೋದ್ಯೋಗಿಗಳೂ ಗುರುತಿಸಿದರು. ಬಹುಕಾಲದಿಂದ ಬಳಕೆಯಲ್ಲಿದ್ದ ಮೆಟಲಾಕ್ಸಿಲ್ ಎಂಬ ಔಷಧಕ್ಕೆ ಅದು ಜಗ್ಗುತ್ತಿರಲಿಲ್ಲ. ಪರ್ಯಾಯ ಬೇಕೆಂಬ ಮಾತಿಗೆ ಬಲ ಬಂದದ್ದು ಇಂಥ ಅನುಭವಗಳಿಂದಲೇ.

ಘಾಟಿನ ಗುಟ್ಟು

ಗಿಡಗಳು ಸುಗಂಧ ತೈಲವನ್ನು ತಯಾರಿಸುವುದು ನಮಗಾಗಿ ಅಲ್ಲ. ಓಡಲಾರದ ಗಿಡಕ್ಕೆ ಕೀಟ, ಶಿಲೀಂಧ್ರಗಳ ವಿರುದ್ಧ ಅದು ಆಯುಧ. ಓಮದಲ್ಲಿ ಥೈಮಾಲ್, ಲವಂಗದಲ್ಲಿ ಯೂಜಿನಾಲ್, ಮಜ್ಜಿಗೆ ಹುಲ್ಲಿನಲ್ಲಿ ಸಿಟ್ರಾಲ್ ಮುಖ್ಯ ಅಂಶಗಳು. ಇವು ರೋಗಾಣುವಿನ ಜೀವಕೋಶದ ಪೊರೆಯೊಳಗೆ ನುಸುಳಿ ಅದನ್ನು ಸಡಿಲಗೊಳಿಸುತ್ತವೆ. ಪೊರೆ ಸೋರಿದರೆ ರೋಗಾಣುವಿನ ಕಥೆ ಮುಗಿದಂತೆ. ಅನೇಕ ಅಂಶಗಳು ಒಟ್ಟಾಗಿ ಹಲವು ಕಡೆ ದಾಳಿ ಮಾಡುವುದರಿಂದ, ರೋಗಾಣು ಇವಕ್ಕೆ ಒಗ್ಗಿಕೊಳ್ಳುವುದು ಕಷ್ಟ ಎಂಬುದು ವಿಜ್ಞಾನಿಗಳ ನಿರೀಕ್ಷೆ.

ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಈ ಎಣ್ಣೆಗಳು ಅಂಗಮಾರಿಯ ಬೆಳವಣಿಗೆಯನ್ನು ತಡೆದಿವೆ. ಆದರೆ ಹೊಲ ಗಾಜಿನ ತಟ್ಟೆಯಲ್ಲ. ಸುಗಂಧ ತೈಲದ ಗುಣವೇ ಆವಿಯಾಗಿ ಹೋಗುವುದು. ಮಳೆ ಬಂದರೆ ತೊಳೆದುಹೋಗುತ್ತದೆ. ರೋಗ ಬರುವುದೂ ಅದೇ ಮಳೆಯಲ್ಲಿ! ಪ್ರಮಾಣ ಹೆಚ್ಚಿಸಿದರೆ ಎಲೆಯೇ ಸುಟ್ಟೀತು. ಎಣ್ಣೆ ನೀರಿನಲ್ಲಿ ಬೆರೆಯದ ಕಾರಣ ಬೇರೊಂದು ದ್ರವ್ಯ ಸೇರಿಸಬೇಕು. ಸಾಲದ್ದಕ್ಕೆ ಬೆಲೆಯೂ ದುಬಾರಿ. ಆದ್ದರಿಂದ ಅಡುಗೆಮನೆಯ ಎಣ್ಣೆಯನ್ನು ನೇರವಾಗಿ ಹೊಲಕ್ಕೆ ಎರಚುವುದು ಜಾಣತನವಲ್ಲ.

ಉಗ್ರಾಣದಲ್ಲಿ ಗೆಲುವು

ಹೊಲದಲ್ಲಿ ಸೋತ ಘಾಟು ಮುಚ್ಚಿದ ಕೋಣೆಯಲ್ಲಿ ಗೆಲ್ಲುತ್ತದೆ. ಅಲ್ಲಿ ಆವಿಯಾಗುವುದೇ ಅದರ ಬಲ. ಆಲೂಗಡ್ಡೆಯ ತವರಾದ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ರೈತರಿಗೆ ಇದು ಹಳೆಯ ವಿದ್ಯೆ. ಪುದೀನ ಜಾತಿಯ ‘ಮುನ್ಯಾ’ ಎಂಬ ಗಿಡದ ಸೊಪ್ಪನ್ನು ಗಡ್ಡೆಗಳ ನಡುವೆ ಹರಡಿ, ಮೊಳಕೆಯನ್ನೂ ಹುಳುವನ್ನೂ ಅವರು ತಡೆಯುತ್ತಿದ್ದರು. ನಮ್ಮ ಸಬ್ಬಸಿಗೆ ಬೀಜದಲ್ಲೂ ಇರುವ ಕಾರ್ವೋನ್ ಎಂಬ ಅಂಶವನ್ನು ಇದೇ ಕೆಲಸಕ್ಕೆ ನೆದರ್ಲೆಂಡಿನವರು 1990ರ ದಶಕದಲ್ಲಿ ಮಾರುಕಟ್ಟೆಗೆ ತಂದರು. ಮೊಳಕೆ ತಡೆಯುವ ಕ್ಲೋರ್‌ಪ್ರೊಫಾಮ್ ಎಂಬ ರಾಸಾಯನಿಕದ ಅನುಮತಿಯನ್ನು ಯೂರೋಪಿಯನ್ ಒಕ್ಕೂಟ 2019ರಲ್ಲಿ ನವೀಕರಿಸದೆ ಬಿಟ್ಟಿತು. ಆ ಮೇಲೆ ಅಲ್ಲಿ ಪುದೀನ, ಕಿತ್ತಳೆ ಎಣ್ಣೆಗಳಿಗೆ ಬೇಡಿಕೆ ಕುದುರಿತು.

ಹೊಲದ ಮಟ್ಟಿಗೆ ಇಂದಿಗೂ ನೆಚ್ಚಬಹುದಾದದ್ದು ಆರೋಗ್ಯವಂತ ಬಿತ್ತನೆಗಡ್ಡೆ, ನೀರು ನಿಲ್ಲದ ಪಾತಿ, ರೋಗ ಕಾಣುವ ಮೊದಲೇ ಸಿಂಪರಣೆ ಮತ್ತು ರೋಗ ತಡೆಯಬಲ್ಲ ತಳಿಗಳು. ಎಣ್ಣೆ ಇವುಗಳ ಜೊತೆಗಾರನಾದೀತೇ ಹೊರತು ಇವುಗಳ ಜಾಗಕ್ಕೆ ಬಾರದು. ಮಳೆಗೆ ತೊಳೆಯದಂತೆ, ಬಿಸಿಲಿಗೆ ಹಾರದಂತೆ ಅದನ್ನು ಎಲೆಯ ಮೇಲೆ ಹಿಡಿದಿಡುವ ಉಪಾಯ ಕೈಗೂಡಿದ ದಿನ, ಓಮದ ಡಬ್ಬಿಯ ಗುಣ ರೈತನ ಹೊಲಕ್ಕೂ ದಕ್ಕಬಹುದು.