ಸ್ಥಿರವಾದ ಹೆಸರು, ಬದಲಾಗುವ ವಿಳಾಸ

ಪೀಠಿಕೆ: ಸಾಂಗಲಿ ಜಿಲ್ಲೆಯ ಜತ್ತ ಭಾಗದಿಂದ ಕಬ್ಬು ಕಡಿಯಲು ಹೋಗುವ ಕುಟುಂಬಗಳ ಬಿಡಾರವು ಹಂಗಾಮಿನುದ್ದಕ್ಕೂ ಸ್ಥಳ ಬದಲಿಸುತ್ತಿರುತ್ತದೆ. ಅವರ ಪತ್ರವನ್ನು ಅಂಚೆಯವನು ಹೊಲದಿಂದ ಹೊಲಕ್ಕೆ ಒಯ್ಯಲಾರನು. ನಂಬಿಕೆಯ ಒಂದು ಸ್ಥಳದಲ್ಲಿ ಅದನ್ನು ಕಾದಿರಿಸಿದರೆ, ಬಂದವರು ಗುರುತು ಹೇಳಿ ಪಡೆಯಬಹುದು. ಮಿಂಚಂಚೆಯ ವ್ಯವಸ್ಥೆಯೂ ಇದೇ ತತ್ತ್ವವನ್ನು ಅವಲಂಬಿಸಿದೆ.

ವಿಷಯ ವಿವರಣೆ: ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಭಾರತದ ಸಾರ್ವಜನಿಕರಿಗೆ ಅಂತರ್ಜಾಲ ಸೇವೆಯನ್ನು ತೆರೆಯಿತು. ಆಗ ಗ್ರಾಹಕರು ದೂರವಾಣಿ ತಂತಿಗೆ ಮೋಡೆಮ್ ಜೋಡಿಸಿ ಸೇವಾದಾತರಿಗೆ ಕರೆ ಮಾಡಬೇಕಾಗಿತ್ತು. ಸಾಂಗಲಿ–ಮಿರಜಗಳ ದೂರವಾಣಿ ಸಂಕೇತ 0233 ಸ್ಥಿರವಾದುದು. ಆದರೆ ಹೀಗೆ ಕರೆ ಮಾಡಿದ ಗಣಕಕ್ಕೆ ದೊರೆಯುವ ಜಾಲವಿಳಾಸವು ಪ್ರತಿ ಸಲವೂ ಬೇರೆಯಾಗಬಹುದು. ಆ ವಿಳಾಸವು 0ರಿಂದ 255ರವರೆಗಿನ ನಾಲ್ಕು ಸಂಖ್ಯೆಗಳ ಗುಂಪು. ಎಲ್ಲ ಗ್ರಾಹಕರೂ ಏಕಕಾಲಕ್ಕೆ ಕರೆ ಮಾಡುವುದಿಲ್ಲವಾದ್ದರಿಂದ ಸೇವಾದಾತರು ಕೆಲವೇ ವಿಳಾಸಗಳನ್ನು ಸರದಿಯಂತೆ ಹಂಚುತ್ತಾರೆ.

ಕರೆ ಮುಗಿದೊಡನೆ ಅದೇ ವಿಳಾಸವು ಇನ್ನೊಬ್ಬರ ಪಾಲಾಗಬಹುದು. ಅದನ್ನು ನಂಬಿ ಪತ್ರ ಕಳಿಸಿದರೆ ಅದು ಅನ್ಯರ ಗಣಕದ ಬಾಗಿಲು ತಟ್ಟೀತು. ಆದುದರಿಂದ ಪತ್ರವು ಗ್ರಾಹಕರ ಗಣಕವನ್ನು ಹುಡುಕಿಕೊಂಡು ಹೋಗುವುದಿಲ್ಲ. ಮಿಂಚಂಚೆಯ ವಿಳಾಸದಲ್ಲಿ 'ಆ್ಯಟ್' ಚಿಹ್ನೆಯ ನಂತರ ಬರುವ ಹೆಸರಿನ ಆಧಾರದಿಂದ, ಸದಾ ಎಚ್ಚರವಿರುವ ಸೇವಾದಾತರ ಸರ್ವರನ್ನು ಅದು ತಲುಪಿ, ಅಲ್ಲಿನ ಪೆಟ್ಟಿಗೆಯಲ್ಲಿ ಕಾಯುತ್ತದೆ. ಗ್ರಾಹಕರು ಕರೆ ಮಾಡಿ, ಹೆಸರು ಮತ್ತು ಗುಪ್ತಪದ ನೀಡಿದಾಗ, ಅವರೇ ತೆರೆದ ಸಂಪರ್ಕದ ಮೂಲಕ ಪತ್ರಗಳು ಇಳಿದು ಬರುತ್ತವೆ. ಈ ಕ್ರಮದ ನಿಯಮಾವಳಿಗೆ ಪಾಪ್ ಎಂದು ಹೆಸರು.

ಕಚೇರಿಯೊಂದು ತನ್ನದೇ ಅಂಚೆ ಸರ್ವರನ್ನು ಹೊಂದಿದ್ದು, ಅದಕ್ಕೂ ಬದಲಾಗುವ ವಿಳಾಸವೇ ದೊರೆತರೆ? 1999ರಲ್ಲಿ ಇದಕ್ಕೊಂದು ನಿಯಮ ರೂಪುಗೊಂಡಿತು. ಕಚೇರಿಯ ಸರ್ವರು ಸಂಪರ್ಕಿಸಿ ಗುರುತನ್ನು ಸಿದ್ಧಪಡಿಸಿದ ಬಳಿಕ ಪಾತ್ರಗಳು ಅದಲುಬದಲಾಗುತ್ತವೆ: ಕರೆ ಸ್ವೀಕರಿಸಿದ ಸರ್ವರು ಅದೇ ಸಂಪರ್ಕದಲ್ಲಿ ಪತ್ರಗಳನ್ನು ಒಪ್ಪಿಸುತ್ತದೆ. ಇಲ್ಲಿಯೂ ವಿಳಾಸವನ್ನು ಹುಡುಕುವ ಅಗತ್ಯವಿಲ್ಲ.

ವರ್ಗ ಚಟುವಟಿಕೆ: ಆಸನಗಳಿಗೆ ಸಂಖ್ಯೆ ಕೊಟ್ಟು, ಮಕ್ಕಳು ಆಸನ ಸಂಖ್ಯೆಗೆ ಚೀಟಿ ಬರೆಯಲಿ. ಬಳಿಕ ಎಲ್ಲರ ಆಸನಗಳನ್ನು ಬದಲಿಸಿ ಚೀಟಿಗಳನ್ನು ಹಂಚಬೇಕು; ತಪ್ಪು ಕೈ ಸೇರಿದ ಚೀಟಿಗಳನ್ನು ಎಣಿಸಬೇಕು. ಎರಡನೆಯ ಸುತ್ತಿನಲ್ಲಿ ಚೀಟಿಗಳನ್ನು ಹೆಸರಿಗೆ ಬರೆಸಿ, 'ಅಂಚೆ ಮಾಸ್ತರ'ನಾದ ವಿದ್ಯಾರ್ಥಿಯ ಬಳಿ ಇಡಬೇಕು. ತನಗೆ ಕೊಟ್ಟ ಗುಪ್ತಪದವನ್ನು ಕಿವಿಯಲ್ಲಿ ಹೇಳಿದವರಿಗಷ್ಟೇ ಅವನು ಚೀಟಿ ಕೊಡಲಿ. ಅಂದು ಗೈರುಹಾಜರಾದ ಮಕ್ಕಳ ಚೀಟಿಗಳನ್ನು ಎಸೆಯದೆ ಕಾದಿರಿಸಬೇಕು.

ಶಿಕ್ಷಕರ ಗಮನಕ್ಕೆ: ಹಂಗಾಮು ಮುಗಿಸಿ ಮರಳಿದ ಮಗುವಿಗೆ ತನ್ನ ಹೆಸರಿನ ಚೀಟಿ ಶಾಲೆಯಲ್ಲಿ ಕಾದಿರುವುದು ಕಂಡರೆ, ಪಾಠದ ತಿರುಳು ವಿವರಣೆಯಿಲ್ಲದೆಯೇ ಅರ್ಥವಾದೀತು. ವಾಸಸ್ಥಳ ಬದಲಾದರೂ ಹೆಸರು ಹಾಜರಿ ಪುಸ್ತಕದಲ್ಲಿ ಉಳಿದಿರಬೇಕು.