ಡಚ್ ಗೋಪಾಲಕ ಚಿತ್ರಗಳು: ಚರಿತ್ರೆಯ ಸಾಕ್ಷ್ಯವಾಗಿ ಅವುಗಳ ಬೆಲೆ

ಹದಿನೇಳನೆಯ ಶತಮಾನದ ಡಚ್ ಗಣರಾಜ್ಯದ ಚರಿತ್ರೆಯನ್ನು ನಿರೂಪಿಸುವಾಗ ಅಲ್ಲಿನ ಚಿತ್ರಕಲೆಯನ್ನು ಆ ಸಮಾಜದ ಕನ್ನಡಿಯೆಂದು ವರ್ಣಿಸುವುದು ವಾಡಿಕೆಯಾಗಿದೆ. ನೀರಿನಂಚಿನಲ್ಲಿ ಮಲಗಿರುವ ಹಸುಗಳು, ಕೋಲನ್ನೂರಿ ನಿಂತ ದನಗಾಹಿ, ಹಾಲು ಕರೆಯುವ ಹೆಂಗಸು, ದೂರದಲ್ಲಿ ಚರ್ಚಿನ ಗೋಪುರ, ಇವೆಲ್ಲದರ ಮೇಲೆ ವಿಶಾಲವಾದ ಆಕಾಶ: ಇಂತಹ ಚಿತ್ರವನ್ನು ಕಂಡ ವಿದ್ಯಾರ್ಥಿಗೆ ಅಂದಿನ ಹಾಲೆಂಡು ಹೀಗೆಯೇ ಇದ್ದಿತೆಂದು ತೋರುವುದು ಸಹಜ. ಈ ಭಾವನೆ ಎಷ್ಟರಮಟ್ಟಿಗೆ ಗ್ರಾಹ್ಯವೆಂಬುದನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಗಮನಿಸಬೇಕಾದ ಅಂಶವೆಂದರೆ, ಗೋಪಾಲಕ ಜೀವನದ ವರ್ಣನೆ ಕಣ್ಣಾರೆ ಕಂಡದ್ದರಿಂದ ಮಾತ್ರ ಹುಟ್ಟಿದುದಲ್ಲ. ಗ್ರೀಕ್ ಕವಿ ಥಿಯೊಕ್ರಿಟಸನಿಂದಲೂ ರೋಮನ್ ಕವಿ ವರ್ಜಿಲನಿಂದಲೂ ಬೆಳೆದುಬಂದ ಗೋಪಾಲಕ ಕಾವ್ಯದ ಸಂಪ್ರದಾಯ ನವೋದಯ ಕಾಲದ ಇಟಲಿಯಲ್ಲಿ ಪುನರುಜ್ಜೀವನಗೊಂಡು ಯುರೋಪಿನಾದ್ಯಂತ ಹರಡಿತು. ಡಚ್ ಭಾಷೆಯಲ್ಲಿ ಹೋಫ್ಟ್ ಎಂಬ ಕವಿ ೧೬೦೫ರಲ್ಲಿ ರಚಿಸಿದ ‘ಗ್ರಾನಿಡಾ’ ಎಂಬ ನಾಟಕ ರಾಜಕುಮಾರಿಯೊಬ್ಬಳಿಗೂ ಕುರುಬನೊಬ್ಬನಿಗೂ ಉಂಟಾದ ಪ್ರೇಮವನ್ನು ವಸ್ತುವಾಗಿ ಉಳ್ಳದ್ದು. ನಗರವಾಸಿಗಳಾದ ಶ್ರೀಮಂತರು ಕುರುಬರ ವೇಷದಲ್ಲಿ ತಮ್ಮ ಭಾವಚಿತ್ರಗಳನ್ನು ಬರೆಯಿಸಿಕೊಳ್ಳುವುದೂ ಆಗ ರೂಢಿಗೆ ಬಂದಿತು. ಅಂದಮೇಲೆ ಚಿತ್ರದಲ್ಲಿ ಕಾಣುವ ಪ್ರತಿಯೊಬ್ಬ ಕುರುಬನೂ ಕುರುಬನಲ್ಲ.

ಈ ಕಾವ್ಯಲೋಕಕ್ಕೆ ಬೆಳಕನ್ನೂ ಬಣ್ಣವನ್ನೂ ಒದಗಿಸಿದುದು ಇಟಲಿ. ಹಾರ್ಲೆಮ್ ನಗರದ ಪೀಟರ್ ಫಾನ್ ಲಾರ್ ಸುಮಾರು ೧೬೨೫ರಿಂದ ರೋಮಿನಲ್ಲಿ ನೆಲಸಿ ದನಗಳನ್ನೂ ಬೀದಿಯ ಜನರನ್ನೂ ಚಿತ್ರಿಸಿದನು. ಯೂಟ್ರೆಕ್ಟಿನ ಯಾನ್ ಬೋಟ್ ರೋಮಿನಲ್ಲಿ ಕಲಿತು, ಸುಮಾರು ೧೬೪೧ರಲ್ಲಿ ಸ್ವದೇಶಕ್ಕೆ ಹಿಂತಿರುಗುವಾಗ ದಕ್ಷಿಣದ ಸಂಜೆಯ ಹೊಂಬಣ್ಣವನ್ನು ತನ್ನೊಡನೆ ತಂದನು. ಡೋರ್ಡ್ರೆಕ್ಟ್ ನಗರದ ಆಲ್ಬರ್ಟ್ ಕಾಯ್ಪ್ (೧೬೨೦-೧೬೯೧) ಇಟಲಿಯನ್ನು ಎಂದೂ ಕಂಡವನಲ್ಲ. ಆದರೂ ಬೋಟನ ಚಿತ್ರಗಳಿಂದ ಆ ಬೆಳಕನ್ನು ಪಡೆದು, ತನ್ನ ಊರಿನ ನದಿಯ ದಡದಲ್ಲಿ ನಿಂತ ಹಸುಗಳ ಮೇಲೆ ಅದನ್ನು ಚೆಲ್ಲಿದನು. ನಿಕೊಲಾಸ್ ಬೆರ್ಕೆಮನ ಚಿತ್ರಗಳಲ್ಲಿಯೂ ಬೆಟ್ಟಗಳು, ಪಾಳುಬಿದ್ದ ಕಮಾನುಗಳು, ಹೊಳೆ ದಾಟುವ ದನಗಾಹಿಗಳು ಹೇರಳವಾಗಿ ಕಾಣಸಿಗುತ್ತವೆ. ಬೆಟ್ಟವೆಂಬುದೇ ಇಲ್ಲದ ಸಮತಟ್ಟಾದ ಹಾಲೆಂಡಿನಲ್ಲಿ ಇವು ಮಾರಾಟವಾದವೆಂಬುದು ಚರಿತ್ರಕಾರನು ಮರೆಯಬಾರದ ಸಂಗತಿ.

ಹಾಗೆಂದ ಮಾತ್ರಕ್ಕೆ ಇದೆಲ್ಲ ಕೇವಲ ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. ಹಸುವಿನ ಹಿಂದೆ ಆ ದೇಶದ ಆರ್ಥಿಕ ಜೀವನವೇ ನಿಂತಿದೆ. ಬಾಲ್ಟಿಕ್ ಸಮುದ್ರದ ತೀರದಿಂದ ಧಾನ್ಯ ಹಡಗುಗಳಲ್ಲಿ ಬಂದಿಳಿಯುತ್ತಿದ್ದುದರಿಂದ ಹಾಲೆಂಡಿನ ರೈತ ತನ್ನ ಒದ್ದೆ ನೆಲದಲ್ಲಿ ಕಷ್ಟಪಟ್ಟು ಧಾನ್ಯ ಬೆಳೆಯಬೇಕಾಗಿರಲಿಲ್ಲ. ಹುಲ್ಲು ಬೆಳೆಸಿ, ಬೆಣ್ಣೆ ಮತ್ತು ಗಿಣ್ಣನ್ನು ಮಾರಿ ಲಾಭ ಪಡೆಯಲು ಸಾಧ್ಯವಾಯಿತು. ಡೆನ್ಮಾರ್ಕಿನಿಂದ ಬಡಕಲು ಎತ್ತುಗಳನ್ನು ತರಿಸಿ ಇಲ್ಲಿನ ಹುಲ್ಲುಗಾವಲುಗಳಲ್ಲಿ ಕೊಬ್ಬಿಸುವ ವ್ಯಾಪಾರವೂ ನಡೆಯುತ್ತಿತ್ತು. ಇಷ್ಟಲ್ಲದೆ ಹೊಸ ನೆಲವನ್ನೇ ನಿರ್ಮಿಸುವ ಕಾರ್ಯ ಭರದಿಂದ ಸಾಗಿತು. ಆಮ್‌ಸ್ಟರ್‌ಡ್ಯಾಮಿನ ವರ್ತಕರು ಹೂಡಿದ ಬಂಡವಾಳದಿಂದ ಬೇಮ್‌ಸ್ಟರ್ ಎಂಬ ಸರೋವರವನ್ನು ಬರಿದು ಮಾಡುವ ಕೆಲಸ ೧೬೦೭ರಲ್ಲಿ ಪ್ರಾರಂಭವಾಯಿತು. ೧೬೧೦ರಲ್ಲಿ ಕಟ್ಟೆ ಒಡೆದು ಮತ್ತೆ ನೀರು ತುಂಬಿತು. ಕಡೆಗೆ ನಲವತ್ತಕ್ಕೂ ಹೆಚ್ಚು ಗಾಳಿಯಂತ್ರಗಳ ನೆರವಿನಿಂದ ೧೬೧೨ರಲ್ಲಿ ಸುಮಾರು ೭,೦೦೦ ಹೆಕ್ಟೇರು ಭೂಮಿ ನೀರಿನಿಂದ ಮೇಲೆದ್ದಿತು.

ಹಸು ರಾಷ್ಟ್ರದ ಸಂಕೇತವೂ ಆಗಿದ್ದಿತು. ಸ್ಪೇನಿನ ವಿರುದ್ಧ ನಡೆದ ಸ್ವಾತಂತ್ರ್ಯ ಸಮರದ ಕಾಲದ ವಿಡಂಬನ ಚಿತ್ರವೊಂದರಲ್ಲಿ ನೆದರ್‌ಲ್ಯಾಂಡ್ಸನ್ನು ಕರೆಯುವ ಹಸುವನ್ನಾಗಿ ತೋರಿಸಿದೆ: ಎರಡನೆಯ ಫಿಲಿಪ್ ದೊರೆ ಅದರ ಬೆನ್ನೇರಿದ್ದಾನೆ, ಇಂಗ್ಲೆಂಡಿನ ಎಲಿಜಬೆತ್ ರಾಣಿ ಮೇವು ಹಾಕುತ್ತಿದ್ದಾಳೆ, ಆರೆಂಜಿನ ವಿಲಿಯಂ ಹಾಲು ಕರೆಯುತ್ತಿದ್ದಾನೆ. ೧೬೪೮ರ ಮ್ಯೂನ್‌ಸ್ಟರ್ ಒಪ್ಪಂದದಿಂದ ಶಾಂತಿ ನೆಲಸಿದಾಗ, ನಿಶ್ಚಿಂತೆಯಿಂದ ಮೆಲುಕುಹಾಕುವ ಹಸುವಿನ ಚಿತ್ರ ಸಮೃದ್ಧಿಯನ್ನು ನೆನಪಿಗೆ ತಂದಿದ್ದರೆ ಆಶ್ಚರ್ಯವಿಲ್ಲ.

ಈ ಎರಡು ಧಾರೆಗಳು, ಎಂದರೆ ಆದರ್ಶ ಮತ್ತು ಅನುಭವ, ಕೂಡುವ ಬಗೆಯನ್ನು ಅರಿಯಲು ಪೌಲಸ್ ಪಾಟರನ ‘ಹೋರಿ’ ಎಂಬ ಚಿತ್ರ ಉತ್ತಮ ನಿದರ್ಶನ. ೧೬೪೭ರಲ್ಲಿ ಸುಮಾರು ೨೧ ವರ್ಷದ ತರುಣ ಬರೆದ ಈ ಚಿತ್ರ ಹೇಗ್ ನಗರದ ಮೌರಿಟ್ಸ್‌ಹೌಸ್ ಸಂಗ್ರಹಾಲಯದಲ್ಲಿದೆ. ಅದರ ಅಗಲ ಮೂರು ಮೀಟರಿಗೂ ಹೆಚ್ಚು. ಎತ್ತರ ಎರಡು ಮೀಟರಿಗೂ ಮಿಗಿಲು. ಯುದ್ಧವೀರರಿಗೂ ಪುರಾಣಪುರುಷರಿಗೂ ಮೀಸಲಾಗಿದ್ದ ಪ್ರಮಾಣವನ್ನು ಇಲ್ಲಿ ಒಂದು ಹೋರಿಗೆ ಸಲ್ಲಿಸಲಾಗಿದೆ. ಮೈಮೇಲಿನ ನೊಣ, ನೆಲದ ಮೇಲಿನ ಕಪ್ಪೆ, ಬಾನಿನ ಬಾನಾಡಿ, ದಿಗಂತದಲ್ಲಿ ರೈಸ್‌ವೈಕ್ ಗ್ರಾಮದ ಚರ್ಚು, ಇವೆಲ್ಲವೂ ಪ್ರತ್ಯಕ್ಷದರ್ಶಿಯ ವರದಿಯಂತೆ ನಿಖರವಾಗಿವೆ. ಆದರೆ ತಜ್ಞರು ಪರೀಕ್ಷಿಸಿದಾಗ ಕಂಡುಬಂದುದು, ಆ ಹೋರಿಯ ದೇಹದಲ್ಲಿ ಬೇರೆ ಬೇರೆ ವಯಸ್ಸಿನ ದನಗಳ ಅಂಗಲಕ್ಷಣಗಳು ಕೂಡಿವೆ ಎಂಬುದು. ಮೊದಲು ಹೋರಿಯೊಂದನ್ನೇ ಬರೆಯಲು ಉದ್ದೇಶಿಸಿದ್ದ ಚಿತ್ರಕಾರ ಅನಂತರ ಬಟ್ಟೆಯನ್ನು ಹಿಗ್ಗಿಸಿ ಉಳಿದ ದನಕುರಿಗಳನ್ನೂ ಮನುಷ್ಯನನ್ನೂ ಸೇರಿಸಿದನೆಂಬುದೂ ತಿಳಿದುಬಂದಿದೆ. ವಿವರಗಳು ನಿಜ, ಅವುಗಳ ಜೋಡಣೆ ಕೃತಕ. ಡಚ್ ನಿಸರ್ಗಚಿತ್ರದ ಸ್ವರೂಪವೇ ಇದೆಂದು ಹೇಳಬಹುದು.

ಚಿತ್ರದಲ್ಲಿ ಇರುವುದಕ್ಕಿಂತ ಇಲ್ಲದಿರುವುದು ಕೆಲವೊಮ್ಮೆ ಹೆಚ್ಚು ಮಾತನಾಡುತ್ತದೆ. ಸರೋವರ ಬತ್ತಿಸಿದ ಭೂಮಿಯಲ್ಲಿ ಅಳತೆಗೋಲಿನಿಂದ ಎಳೆದಂತೆ ನೇರವಾಗಿ ಸಾಗುವ ಕಾಲುವೆಗಳು ಇವುಗಳಲ್ಲಿ ಅಪರೂಪ. ಕಟ್ಟೆಗೆ ಮಣ್ಣು ಹೊರುವ ಕೂಲಿಯವನು ಇನ್ನೂ ಅಪರೂಪ. ಕಾಯ್ಪನ ಡೋರ್ಡ್ರೆಕ್ಟಿನ ಸುತ್ತಲಿನ ನೆಲ ೧೪೨೧ರ ಪ್ರವಾಹದಲ್ಲಿ ಮುಳುಗಿತ್ತು; ಆದರೆ ಅವನ ನದಿಗಳು ಸದಾ ಶಾಂತ. ಕಾರಣವನ್ನು ಕೊಳ್ಳುವವರಲ್ಲಿ ಹುಡುಕಬೇಕು. ಈ ಚಿತ್ರಗಳನ್ನು ಗೋಡೆಗೆ ತೂಗುಹಾಕಿಕೊಂಡವರು ಬಹುಮಟ್ಟಿಗೆ ನಗರದ ವರ್ತಕರು ಮತ್ತು ಕಸಬುದಾರರು. ಡೆಲ್ಫ್ಟ್ ನಗರದ ಮೃತರ ಆಸ್ತಿಪಟ್ಟಿಗಳನ್ನು ಪರಿಶೀಲಿಸಿದವರು, ಶತಮಾನ ಮುಂದುವರಿದಂತೆ ಮತಧರ್ಮ ಮತ್ತು ಪುರಾಣಗಳ ಚಿತ್ರಗಳ ಪಾಲು ಇಳಿದು ನಿಸರ್ಗಚಿತ್ರಗಳ ಪಾಲು ಏರಿದುದನ್ನು ತೋರಿಸಿದ್ದಾರೆ. ಗದ್ದಲದ ಬೀದಿಯಲ್ಲಿ ವಾಸಿಸುವವನು ಬಯಸಿದ್ದು ವಿಶ್ರಾಂತಿಯನ್ನು. ನೆಲವನ್ನು ಕಾಯುವ ದುಡಿಮೆಯ ಜ್ಞಾಪಕವನ್ನಲ್ಲ.

ಈ ಚಿತ್ರಗಳ ಮುಂದಿನ ಕಥೆಯೂ ಬೋಧಪ್ರದವಾಗಿದೆ. ಪಾಟರನ ಹೋರಿಯನ್ನು ಫ್ರೆಂಚರು ೧೭೯೫ರಲ್ಲಿ ಪ್ಯಾರಿಸಿಗೆ ಒಯ್ದರು. ೧೮೧೫ರಲ್ಲಿ ಅದು ಹಿಂತಿರುಗಿತು. ಕಾಯ್ಪನ ಕೃತಿಗಳನ್ನು ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಭೂಮಾಲಿಕರು ಉತ್ಸಾಹದಿಂದ ಕೊಂಡರು. ಆದರೆ ಆಂಗ್ಲ ಚಿತ್ರಕಾರ ಕಾನ್‌ಸ್ಟೆಬಲ್ ೧೮೩೬ರಲ್ಲಿ ಲಂಡನ್ನಿನಲ್ಲಿ ಮಾಡಿದ ಉಪನ್ಯಾಸಗಳಲ್ಲಿ ಬೋಟ್ ಮತ್ತು ಬೆರ್ಕೆಮರನ್ನು ಖಂಡಿಸಿದನು. ಡಚ್ ಮತ್ತು ಇಟಾಲಿಯನ್ ರೀತಿಗಳ ಬೆರಕೆ ಅವನಿಗೆ ಸುಳ್ಳೆಂದು ತೋರಿತು. ಕಣ್ಣಿಗೆ ಕಂಡುದನ್ನಷ್ಟೇ ಸತ್ಯವೆನ್ನುವ ಹೊಸ ಅಳತೆಗೋಲು ಅದು. ಹಳೆಯ ಚಿತ್ರಕಾರರು ಅದಕ್ಕೆ ಒಳಪಟ್ಟವರಾಗಿರಲಿಲ್ಲ.

ಹೀಗಿರಲು, ಈ ಚಿತ್ರಗಳನ್ನು ಚರಿತ್ರೆಯ ಆಧಾರಗಳ ಸಾಲಿನಿಂದ ತೆಗೆದುಹಾಕಬೇಕೆ? ಖಂಡಿತ ಬೇಡ. ಶಾಸನದ ಪ್ರಶಸ್ತಿಭಾಗವನ್ನು ಓದುವಾಗ ನಾವು ದೊರೆಯ ದಿಗ್ವಿಜಯವನ್ನು ಯಥಾರ್ಥವೆಂದು ನಂಬುವುದಿಲ್ಲ. ದೊರೆ ಹೇಗೆ ಕಾಣಬಯಸಿದನೆಂಬುದನ್ನು ಅದರಿಂದ ಅರಿಯುತ್ತೇವೆ. ಗೋಪಾಲಕ ಚಿತ್ರವನ್ನೂ ಹಾಗೆಯೇ ಓದತಕ್ಕದ್ದು. ದನದ ತಳಿ, ಹಾಲಿನ ಪಾತ್ರೆ, ಬೇಲಿಯ ಕಟ್ಟು ಇವುಗಳ ವಿಷಯದಲ್ಲಿ ಅದು ಬಹುಮಟ್ಟಿಗೆ ನಂಬಲರ್ಹವಾದ ಸಾಕ್ಷಿ. ಹಳ್ಳಿಯ ಬದುಕಿನ ವಿಷಯದಲ್ಲಿ ನಗರದ ಆಸೆಯ ಸಾಕ್ಷಿ. ಯಾವ ಪ್ರಶ್ನೆಗೆ ಯಾವ ಉತ್ತರವನ್ನು ಅದರಿಂದ ಪಡೆಯಬಹುದೆಂಬ ವಿವೇಕವನ್ನು ವಿದ್ಯಾರ್ಥಿಗಳಲ್ಲಿ ಬೆಳೆಸುವುದು ಅಧ್ಯಾಪಕರ ಹೊಣೆಯಾಗಿದೆ.