ಕೆಂಗುರಿಯ ಕರುಳು ಓದುವವರು

ಲಿಂಗಸುಗೂರಿನಿಂದ ಮಸ್ಕಿ ದಾಟಿ ಸಿಂಧನೂರಿಗೆ ಬರುವ ಈ ಸೀಮೆ, ಕಂದುಗೆಂಪು ಮೈಯ, ಮಾಂಸಕ್ಕೆ ಹೆಸರಾದ ಕೆಂಗುರಿ ತಳಿಯ ತವರು. ಜಾನುವಾರು ಸಾಕಣೆ ಇಲ್ಲಿ ಬಹಳ ಹಳೆಯದು. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದ ಬಂಡೆಗಳ ಮೇಲೆ ನವಶಿಲಾಯುಗದ ಜನ ಕುಟ್ಟಿ ಮೂಡಿಸಿದ ಗೂಳಿಗಳಿವೆ. ಈಗ ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಲ್ಲಿ ಭತ್ತದ ಕೊಯ್ಲು ಮುಗಿದೊಡನೆ ಕುರಿ ಹಿಂಡುಗಳು ಇಳಿಯುತ್ತವೆ. ಹಗಲು ಕೂಳೆ ಮೇಯ್ದು, ರಾತ್ರಿ ಹೊಲದಲ್ಲೇ ತಂಗಿ ಗೊಬ್ಬರ ಕೊಡುತ್ತವೆ.

ಈ ಬದುಕನ್ನು ಒಂದೇ ವಾರದಲ್ಲಿ ಬರಿದು ಮಾಡಬಲ್ಲ ಬೇನೆಗಳಿವೆ. ಅವುಗಳಲ್ಲಿ ಒಂದು ಕುರಿಯ ಕರುಳಿನೊಳಗೇ ಕಾದು ಕೂತಿರುತ್ತದೆ, ಇನ್ನೊಂದು ಹೊರಗಿನಿಂದ ಬರುತ್ತದೆ.

ಮೊದಲನೆಯದು ಕರುಳು ಬೇನೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾ ಆರೋಗ್ಯವಂತ ಕುರಿಯ ಕರುಳಿನಲ್ಲೂ ಅಷ್ಟಿಷ್ಟು ಇರುತ್ತದೆ. ಮಳೆ ಬಿದ್ದು ಚಿಗುರಿದ ಎಳೆ ಹುಲ್ಲನ್ನೋ, ಗದ್ದೆಯಲ್ಲಿ ಉದುರಿದ ಕಾಳನ್ನೋ ಕುರಿ ಒಮ್ಮೆಲೇ ಹೊಟ್ಟೆ ಬಿರಿಯುವಷ್ಟು ತಿಂದರೆ, ಜೀರ್ಣವಾಗದ ಪಿಷ್ಟ ಸಣ್ಣ ಕರುಳಿಗೆ ಇಳಿಯುತ್ತದೆ. ಅದನ್ನುಂಡು ಬ್ಯಾಕ್ಟೀರಿಯಾ ವಿಪರೀತ ಬೆಳೆದು ಎಪ್ಸಿಲಾನ್ ಎಂಬ ವಿಷ ಉಗುಳುತ್ತದೆ. ವಿಷ ರಕ್ತಕ್ಕೆ ಸೇರಿ ಮಿದುಳಿಗೂ ಮೂತ್ರಪಿಂಡಕ್ಕೂ ತಲುಪಿದರೆ ಕೆಲವೇ ಗಂಟೆಗಳಲ್ಲಿ ಸಾವು. ಸಂಜೆ ಚೆನ್ನಾಗಿದ್ದದ್ದು ಬೆಳಿಗ್ಗೆ ಹಟ್ಟಿಯಲ್ಲಿ ಸತ್ತು ಬಿದ್ದಿರುತ್ತದೆ. ಹಾಗೆ ಸಾಯುವುದು ಬಹುಪಾಲು ಹಿಂಡಿನ ದಷ್ಟಪುಷ್ಟ ಮರಿಗಳೇ ಎಂಬುದು ಕುರಿಗಾರನ ಹೊಟ್ಟೆ ಉರಿಸುವ ಸಂಗತಿ.

ಎರಡನೆಯದು ಪಿಪಿಆರ್, ಅಂದರೆ ಹಿರೇಬೇನೆ. ಇದು ವೈರಸ್ಸಿನ ರೋಗ. ಜ್ವರ ಏರುತ್ತದೆ, ಕಣ್ಣು ಮೂಗು ಸೋರುತ್ತವೆ, ಬಾಯಿ ಹುಣ್ಣಾಗಿ ನಾರುತ್ತದೆ. ಆಮೇಲೆ ಭೇದಿ, ನ್ಯುಮೋನಿಯಾ. ಒಂದರ ಉಸಿರು ಇನ್ನೊಂದಕ್ಕೆ ತಾಗಿದರೂ ಹಬ್ಬುವುದರಿಂದ, ಹಲವು ಊರ ಹಿಂಡುಗಳು ಸೇರುವ ಸಂತೆಯಲ್ಲಿ, ಕಾಲುವೆ ದಂಡೆಯಲ್ಲಿ ಅದಕ್ಕೆ ತಡೆಯೇ ಇಲ್ಲ. ಭಾರತದಲ್ಲಿ ಇದು ಪತ್ತೆಯಾದದ್ದು 1987ರಲ್ಲಿ, ತಮಿಳುನಾಡಿನ ಅರಸೂರಿನ ಕುರಿಗಳಲ್ಲಿ. ದನಗಳ ದೊಡ್ಡರೋಗವನ್ನೇ ಹೋಲುವ ಲಕ್ಷಣಗಳ ಹಿಂದೆ ಬೇರೆಯದೇ ವೈರಸ್ ಇದೆಯೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಎಸ್. ಶೈಲಾ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದರು. ನನ್ನ ಮಟ್ಟಿಗೆ ಕರ್ನಾಟಕದ ಕುರಿಗಾರರು ನೆನೆಯಬೇಕಾದ ಕೆಲಸವದು. ರೋಗ ಯಾವುದೆಂದು ತಿಳಿಯದೆ ಅದಕ್ಕೆ ತಕ್ಕ ಲಸಿಕೆ ಎಲ್ಲಿಂದ ಬರಬೇಕು?

ಲಸಿಕೆಯ ಜಾಡು ಹಿಡಿದು ಹೋದರೆ ಬೆಂಗಳೂರಿನ ಹೆಬ್ಬಾಳ ಸಿಗುತ್ತದೆ. ದೊಡ್ಡರೋಗವನ್ನು ಎದುರಿಸಲು 1925ರಲ್ಲಿ ಮೈಸೂರು ಸೀರಂ ಸಂಸ್ಥೆಯಾಗಿ ಹುಟ್ಟಿದ್ದು ಇಂದಿನ ಪಶು ಆರೋಗ್ಯ ಮತ್ತು ಪಶು ಜೈವಿಕ ಸಂಸ್ಥೆ. ಆ ದೊಡ್ಡರೋಗ ಜಗತ್ತಿನಿಂದಲೇ ತೊಲಗಿತೆಂದು 2011ರಲ್ಲಿ ಘೋಷಣೆಯಾಯಿತು. ಅದರ ದಾಯಾದಿ ಪಿಪಿಆರ್ ಅನ್ನು 2030ರೊಳಗೆ ತೊಲಗಿಸುವ ಗುರಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯದು. ಕರುಳು ಬೇನೆಗೂ ಪಿಪಿಆರ್‌ಗೂ ಹೆಬ್ಬಾಳದಲ್ಲಿ ಲಸಿಕೆ ತಯಾರಾಗುತ್ತದೆ. ಮೊದಲನೆಯದನ್ನು ಮುಂಗಾರಿಗೆ ಮುಂಚೆಯೇ ಕೊಡಿಸಬೇಕು. ಎರಡನೆಯದು ಜೀವಂತ ವೈರಸ್ಸಿನ ಲಸಿಕೆ. ತಣ್ಣಗಿರಬೇಕು, ಕಲಸಿದ ಮೇಲೆ ಬೇಗ ಚುಚ್ಚಿ ಮುಗಿಸಬೇಕು. ನಲವತ್ತು ಡಿಗ್ರಿ ದಾಟುವ ರಾಯಚೂರು ಸೀಮೆಯ ಬಿಸಿಲಲ್ಲಿ ಐಸ್ ಡಬ್ಬಿ ಹೊತ್ತು ಹಟ್ಟಿಯಿಂದ ಹಟ್ಟಿಗೆ ಓಡಾಡುವ ಸಿಬ್ಬಂದಿಯ ಶ್ರಮ ಸಣ್ಣದಲ್ಲ.

ಇನ್ನು ಸಂಶೋಧಕರ ಕೆಲಸ. ಅದು ಶುರುವಾಗುವುದು ಸತ್ತ ಕುರಿಯಿಂದ. ಪಶುವೈದ್ಯರು ಹೊಟ್ಟೆ ಸೀಳಿ, ಸಣ್ಣ ಕರುಳಿನೊಳಗಿನ ದ್ರವ ತೆಗೆದು, ಕೆಲವು ಹನಿ ಕ್ಲೋರೋಫಾರ್ಮ್ ಬೆರೆಸಿ, ಮಂಜುಗಡ್ಡೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅಲ್ಲಿ ಎಪ್ಸಿಲಾನ್ ವಿಷ ಸಿಕ್ಕರೆ ಕರುಳು ಬೇನೆ ಖಚಿತ. ದೊಡ್ಡ ಕರುಳಿನ ಒಳಗೋಡೆಯಲ್ಲಿ ರಕ್ತದ ಪಟ್ಟೆಗಳು ಕಂಡರೆ ಅನುಮಾನ ಪಿಪಿಆರ್ ಕಡೆಗೆ. ಗುಲ್ಮ, ದುಗ್ಧಗ್ರಂಥಿಗಳ ತುಣುಕು ಪಿಸಿಆರ್ ಪರೀಕ್ಷೆಗೆ ಹೋಗುತ್ತದೆ. ಇದೆಲ್ಲ ದೇಹ ಕೊಳೆಯುವುದಕ್ಕೆ ಮೊದಲೇ ಆಗಬೇಕು. ತಡವಾದರೆ ಮೂತ್ರಪಿಂಡ ಮೆತ್ತಗಾದದ್ದು ರೋಗದಿಂದಲೋ ಬಿಸಿಲಿನಿಂದಲೋ ಹೇಳಲು ಬಾರದು.

ಇಡೀ ವ್ಯವಸ್ಥೆ ಸೋಲುವುದು ಇಲ್ಲಿಯೇ. ಸತ್ತದ್ದನ್ನು ಹಳ್ಳಕ್ಕೆ ಎಸೆಯುವುದು, ಸಾಯುವ ಮುನ್ನ ಸಿಕ್ಕಷ್ಟಕ್ಕೆ ಮಾರುವುದು ನಡೆದೇ ಇದೆ. ಬಡತನ ಅದಕ್ಕೆ ಕಾರಣ, ಕುರಿಗಾರನನ್ನು ದೂರಿ ಫಲವಿಲ್ಲ. ಆದರೆ ಹಾಗೆ ಕೈಬಿಟ್ಟ ಒಂದು ಕುರಿಯೊಂದಿಗೆ ಉಳಿದವನ್ನು ಬದುಕಿಸುವ ಮಾಹಿತಿಯೂ ಹೋಗುತ್ತದೆ. ರಾಜ್ಯ ಸರ್ಕಾರದ ‘ಅನುಗ್ರಹ’ ಯೋಜನೆಯಡಿ ಸತ್ತ ಕುರಿಗೆ ಸಿಗುವ ಪರಿಹಾರಕ್ಕೂ ಮರಣೋತ್ತರ ಪರೀಕ್ಷೆ ಬೇಕು.

ಆದ್ದರಿಂದ ಈ ಮೂರು ತಾಲ್ಲೂಕುಗಳ ಕುರಿಗಾರರಲ್ಲಿ ಒಂದು ವಿನಂತಿ: ಹಿಂಡಿನಲ್ಲಿ ಒಂದು ಕುರಿ ಕಾರಣ ತಿಳಿಯದೆ ಸತ್ತರೂ ಅದನ್ನು ಹೂಳುವ ಮೊದಲು ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ.